ಬೋನಾಳದ ಬೂದು ಹೆಬ್ಬಾತು ಎಲ್ಲಿಂದ ಬಂತು?

“ಸಾಕಿದ್ದಿರಬೇಕು ಬಿಡಿ.”

ನಮ್ಮ ಕಡೆ ಕಂಡ ಅಪರೂಪದ ಹಕ್ಕಿಯ ಫೋಟೊ ಯಾರಿಗಾದರೂ ತೋರಿಸಿದರೆ ಮೊದಲು ಬರುವ ಮಾತು ಇದು. ಹೇಳುವವರು ನನಗಿಂತ ಜಾಸ್ತಿ ಹಕ್ಕಿ ನೋಡಿದವರು. ಅವರ ಮೇಲೆ ನನಗೆ ಗೌರವ ಇದೆ. ಎಷ್ಟೋ ಸಲ ಅವರ ಮಾತು ಸರಿಯೂ ಇರುತ್ತದೆ. ಆದರೆ ಹೋದ ಚಳಿಗಾಲದಲ್ಲಿ ಯಾದಗಿರಿ ಜಿಲ್ಲೆಯ ಸುರಪುರದ ಹತ್ತಿರ ಇರುವ ಬೋನಾಳ ಕೆರೆಯಲ್ಲಿ ಕಂಡ ಒಂದು ಬೂದು ಹೆಬ್ಬಾತಿನ ಬಗ್ಗೆ ಅದೇ ಮಾತು ಬಂದಾಗ ನನಗೆ ಸಮಾಧಾನ ಆಗಲಿಲ್ಲ. ಹಕ್ಕಿ ಯಾರ ಜೊತೆಗಿತ್ತು, ಹಾರಿತಾ, ಯಾವಾಗಿನಿಂದ ಇದೆ, ಹತ್ತಿರದ ಹಳ್ಳಿಗಳಲ್ಲಿ ಯಾರಾದರೂ ಹೆಬ್ಬಾತು ಸಾಕಿದ್ದಾರಾ, ಇದ್ಯಾವುದನ್ನೂ ಯಾರೂ ಕೇಳಲಿಲ್ಲ. ಕೇಳುವ ಮೊದಲೇ ತೀರ್ಮಾನ ಆಗಿಹೋಗಿತ್ತು.

ಹಕ್ಕಿ ಯಾವ ಜಾತಿಯದು ಅನ್ನುವುದಕ್ಕೆ ಒಂದು ಒಳ್ಳೆಯ ಫೋಟೊ ಸಾಕು. ಅದು ತಾನಾಗಿಯೇ ಬಂತೋ, ಯಾರದೋ ಅಂಗಳದಿಂದ ತಪ್ಪಿಸಿಕೊಂಡಿತೋ ಅನ್ನುವುದು ಬೇರೆಯೇ ಪ್ರಶ್ನೆ. ಅದಕ್ಕೆ ಫೋಟೊದಲ್ಲಿ ಸಿಗುವುದು ಅರ್ಧ ಉತ್ತರ. ಉಳಿದರ್ಧ ಸಿಗುವುದು ಕೆರೆಯ ಸುತ್ತಮುತ್ತ, ಹೊಲಗಳಲ್ಲಿ, ಊರ ಜನರ ಬಾಯಲ್ಲಿ. ಆ ಅರ್ಧವನ್ನು ಬಿಟ್ಟು ತೀರ್ಮಾನ ಮಾಡಬಾರದು ಅಂತ ನನಗೆ ಈಗ ಗಟ್ಟಿಯಾಗಿ ಅನ್ನಿಸುತ್ತಿದೆ.

ಆಚೆ ದಡದ ಹಿಂಡು

ಸುರಪುರದ ಕಡೆಯವರಿಗೆ ಬೋನಾಳದ ಪಟ್ಟೆತಲೆ ಹೆಬ್ಬಾತುಗಳ ಬಗ್ಗೆ ಹೇಳಬೇಕಾಗಿಲ್ಲ. ಟಿಬೆಟ್, ಮಂಗೋಲಿಯಾದ ಸರೋವರಗಳ ದಡದಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಕಡೆ ಬರುವ ಹಕ್ಕಿಗಳು ಅವು. ಬೆನ್ನಿಗೆ ಟ್ರಾನ್ಸ್‌ಮಿಟರ್ ಕಟ್ಟಿ ನೋಡಿದಾಗ 7,000 ಮೀಟರಿಗಿಂತ ಎತ್ತರದಲ್ಲಿ ಹಾರಿದ್ದೂ ದಾಖಲಾಗಿದೆ. ಹಗಲು ಕೆರೆಯ ದಡದಲ್ಲಿ ನಿದ್ದೆ ಮಾಡುತ್ತವೆ. ಸಂಜೆಯಾದರೆ ಹೊಲಗಳಿಗೆ ಹೋಗುತ್ತವೆ.

ಆ ದಿನ ಬೆಳಿಗ್ಗೆ ನಾನು ಮತ್ತು ಸುರಪುರದ ಗೆಳೆಯ ಏರಿಯ ಮೇಲೆ ಸ್ಕೋಪು ನಿಲ್ಲಿಸಿಕೊಂಡು ಹಿಂಡನ್ನು ಎಣಿಸುತ್ತಿದ್ದೆವು. ಮಂಜು ಇನ್ನೂ ಪೂರ್ತಿ ಸರಿದಿರಲಿಲ್ಲ. ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಮತ್ತೆ ಬಿಳಿ ತಲೆ, ಮತ್ತೆ ಎರಡು ಪಟ್ಟೆ. ಹೀಗೆ ಹೋಗುತ್ತಿದ್ದ ಸಾಲಿನ ಮಧ್ಯೆ ಪಟ್ಟೆಯೇ ಇಲ್ಲದ ಒಂದು ತಲೆ. ಮೈ ಉಳಿದವುಗಳಿಗಿಂತ ದೊಡ್ಡದು, ಕಂದು ಬೆರೆತ ಬೂದು ಬಣ್ಣ. ಕೊಕ್ಕು ದಪ್ಪ, ಬಣ್ಣ ಗುಲಾಬಿ. ಕತ್ತಿನ ಮೇಲೆ ಉದ್ದುದ್ದ ಗೀರು, ಗರಿಗಳು ಸಣ್ಣ ಸಣ್ಣ ಮಡಿಕೆಯಾಗಿ ಕೂತಿದ್ದವು. ಬೂದು ಹೆಬ್ಬಾತು. ಉತ್ತರ ಭಾರತದಲ್ಲಿ ಚಳಿಗಾಲಕ್ಕೆ ಬರುವ ಹಕ್ಕಿ ಇದು. ದಕ್ಷಿಣಕ್ಕೆ ಬರುವುದು ಅಪರೂಪ.

ನನಗೆ ಆದ ಖುಷಿ ಇಲ್ಲಿ ಬರೆದು ಮುಗಿಯುವುದಿಲ್ಲ. ಆದರೆ ಖುಷಿಯ ಬೆನ್ನಿಗೇ ಅನುಮಾನವೂ ಬಂತು. ಬರಲೇಬೇಕು. ಏಕೆಂದರೆ ಯುರೋಪಿನ ಮನೆಗಳಲ್ಲಿ ಸಾಕುವ ಹೆಬ್ಬಾತು ಹುಟ್ಟಿದ್ದೇ ಈ ಬೂದು ಹೆಬ್ಬಾತಿನಿಂದ. ಸಾವಿರಾರು ವರ್ಷ ಸಾಕಿದರೂ ಕೆಲವು ತಳಿಗಳು ಇವತ್ತಿಗೂ ಮೂಲದ ಬಣ್ಣವನ್ನೇ ಉಳಿಸಿಕೊಂಡಿವೆ. ದೂರದಿಂದ ನೋಡಿದರೆ ಯಾರಿಗಾದರೂ ಮೋಸ ಆಗಬಹುದು.

ಹಾಗಾಗಿ ನಾವು ಎಣಿಕೆ ಬಿಟ್ಟು ಅದೊಂದನ್ನೇ ನೋಡುತ್ತಾ ಕೂತೆವು. ಸಾಕಿದ ಹೆಬ್ಬಾತಿಗೆ ಹಿಂಭಾಗ ಭಾರ. ಹೊಟ್ಟೆಯ ಕೆಳಗೆ ಕೊಬ್ಬಿನ ಮಡಿಕೆ ಜೋತು ಬಿದ್ದಿರುತ್ತದೆ, ನಡೆದರೆ ನೆಲಕ್ಕೆ ತಾಗುವ ಹಾಗಿರುತ್ತದೆ. ಭಾರ ಹಿಂದಕ್ಕೆ ಇರುವುದರಿಂದ ಎದೆ ಎತ್ತಿ ನಿಲ್ಲುತ್ತದೆ. ಕಾಡಿನದು 2ರಿಂದ 4 ಕಿಲೋ ಚಿಲ್ಲರೆ ತೂಗಿದರೆ, ಸಾಕಿದ ದೊಡ್ಡ ತಳಿ 10 ಕಿಲೋವರೆಗೂ ಹೋಗುತ್ತದೆ. ನಮ್ಮ ಹಕ್ಕಿ ನೆಲಕ್ಕೆ ಸಮನಾಗಿ ಬೆನ್ನು ಹಿಡಿದು ನಡೆಯುತ್ತಿತ್ತು. ಹೊಟ್ಟೆಗೂ ಕೆಸರಿಗೂ ಮಧ್ಯೆ ಬೆಳಕು ಕಾಣುತ್ತಿತ್ತು. ಕೊಕ್ಕಿನ ಗುಲಾಬಿ ಬಣ್ಣವೂ ಮುಖ್ಯ. ಮಧ್ಯ ಏಷ್ಯಾ ಕಡೆಯಿಂದ ಬರುವ ಪೂರ್ವದ ಬೂದು ಹೆಬ್ಬಾತಿಗೆ ಗುಲಾಬಿ ಕೊಕ್ಕು. ಪಶ್ಚಿಮ ಯುರೋಪಿನದಕ್ಕೆ ಕಿತ್ತಳೆ. ಸಾಕಿದವುಗಳಲ್ಲಿ ಕಿತ್ತಳೆಯೇ ಜಾಸ್ತಿ.

ಇಷ್ಟಾದ ಮೇಲೆ ಗೆಳೆಯ ಸ್ಕೋಪಿನಿಂದ ಕಣ್ಣು ತೆಗೆಯದೆ, “ಕೊಕ್ಕಿನ ಬುಡದಾಗ ನೋಡು” ಅಂದ. ಕೊಕ್ಕು ಮುಖಕ್ಕೆ ಸೇರುವ ಜಾಗದಲ್ಲಿ ಸಣ್ಣ ಬಿಳಿ ಗೆರೆ ಇತ್ತು. ನಾಲ್ಕಾರು ಗರಿಗಳಷ್ಟೇ. ಮೈಯಲ್ಲಿ ಅಲ್ಲಲ್ಲಿ ಬಿಳಿ ಗರಿ ಬರುವುದು ಸಾಕಿದ ತಳಿಯ ಲಕ್ಷಣ. ಆದರೆ ಕಾಡಿನ ಬೂದು ಹೆಬ್ಬಾತುಗಳಲ್ಲೂ ಕೆಲವಕ್ಕೆ ಕೊಕ್ಕಿನ ಬುಡದಲ್ಲಿ ಇಂಥ ಸಣ್ಣ ಬಿಳಿ ಗೆರೆ ಇರುತ್ತದೆ. ಅಂದರೆ ಆ ಗೆರೆ ಯಾವ ಕಡೆಗೂ ಸಾಕ್ಷಿ ಹೇಳುವುದಿಲ್ಲ. ಆದರೂ ಫೋಟೊ ನೋಡಿದವರೆಲ್ಲ ಅದನ್ನೇ ಹಿಡಿದುಕೊಂಡರು.

ಕಾಲು, ಉಂಗುರ, ಭಯ

ಇಂಥ ಹಕ್ಕಿಗಳ ವಿಷಯದಲ್ಲಿ ಏನೇನು ನೋಡಬೇಕು ಅಂತ ಒಂದು ಪದ್ಧತಿ ಬೆಳೆದುಬಂದಿದೆ. ಕಾಲಿನಲ್ಲಿ ಉಂಗುರ ಇದೆಯಾ, ಹಿಂಬೆರಳು ಕತ್ತರಿಸಿದ್ದಾರಾ, ರೆಕ್ಕೆಯ ಗರಿ ತುಂಡಾಗಿದೆಯಾ, ಬಾಲದ ತುದಿ ಪಂಜರಕ್ಕೆ ಉಜ್ಜಿ ಸವೆದಿದೆಯಾ, ಕೊಕ್ಕು ಅತಿಯಾಗಿ ಬೆಳೆದಿದೆಯಾ, ಮನುಷ್ಯರನ್ನು ಕಂಡರೆ ಹೆದರುತ್ತದಾ. ಒಂದೊಂದೂ ಉಪಯೋಗದ್ದೇ. ಆದರೆ ಇವುಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕಗಳಲ್ಲಿ, ಅಲ್ಲಿನ ಸಾಕಣೆಯ ರೀತಿಗೆ ತಕ್ಕಂತೆ ಹುಟ್ಟಿದವು.

ಹಿಂಬೆರಳಿನ ವಿಷಯವನ್ನೇ ನೋಡಿ. ಅಲ್ಲಿ ಬಾತುಕೋಳಿ, ಹೆಬ್ಬಾತು ಸಾಕುವ ಕೆಲವರು ಗುರುತಿಗಾಗಿ ಮರಿಯ ಹಿಂಬೆರಳು ಕತ್ತರಿಸುವ ರೂಢಿ ಇತ್ತು. ಹಾಗಾಗಿ ಅಲ್ಲಿ ಬೆರಳಿಲ್ಲದ ಬಾತು ಕಂಡರೆ ಸಾಕಿದ್ದು ಅಂತ ತಿಳಿಯುತ್ತದೆ. ನಮ್ಮ ಹಕ್ಕಿ ನೀರಿನಿಂದ ಮೇಲೆ ಬಂದಾಗ ಎರಡೂ ಕಾಲು ಚೆನ್ನಾಗಿ ಕಂಡವು. ಉಂಗುರ ಇಲ್ಲ. ಹಿಂಬೆರಳು ಎರಡೂ ಇವೆ. ಆದರೆ ಸುರಪುರದ ಹಳ್ಳಿಯಲ್ಲಿ ಹೆಬ್ಬಾತು ಸಾಕುವ ಯಾರೂ ಬೆರಳು ಕತ್ತರಿಸಿದ್ದನ್ನು ನಾನು ಕಂಡಿಲ್ಲ, ಉಂಗುರ ಹಾಕಿದ್ದನ್ನೂ ಕಂಡಿಲ್ಲ. ಅಂದ ಮೇಲೆ ಬೆರಳು ಪೂರ್ತಿ ಇದ್ದರೆ ಇಲ್ಲಿ ಅದರಿಂದ ಏನೂ ತಿಳಿಯುವುದಿಲ್ಲ, ಅಲ್ವಾ?

ಉಂಗುರವೂ ಹಾಗೆಯೇ. ಉಂಗುರ ಇದ್ದರೆ ಸಾಕಿದ್ದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಆದರೆ ಮುಂಬೈನ ಹಕ್ಕಿ-ಪ್ರಾಣಿಗಳ ಅಧ್ಯಯನ ಸಂಸ್ಥೆ ಬಿಎನ್‌ಎಚ್‌ಎಸ್ 1927ರಿಂದಲೇ ಕಾಡುಹಕ್ಕಿಗಳ ಕಾಲಿಗೆ ಉಂಗುರ ಹಾಕಿ ಬಿಡುತ್ತಾ ಬಂದಿದೆ. ಮಂಗೋಲಿಯಾದಲ್ಲಿ ಕತ್ತಿಗೆ ಪಟ್ಟಿ ತೊಡಿಸಿದ ಪಟ್ಟೆತಲೆ ಹೆಬ್ಬಾತುಗಳು ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಅವುಗಳಷ್ಟು ಪಕ್ಕಾ ಕಾಡುಹಕ್ಕಿ ಇನ್ನೊಂದಿಲ್ಲ. ಎಲ್ಲಿಂದ ಬಂದವು ಅನ್ನುವುದು ಪಟ್ಟಿಯ ಮೇಲಿನ ಸಂಕೇತದಿಂದಲೇ ತಿಳಿಯುತ್ತದೆ. ನೋಡಬೇಕಾದ್ದು ಉಂಗುರ ಇದೆಯೋ ಇಲ್ಲವೋ ಅನ್ನುವುದಲ್ಲ, ಅದರ ಮೇಲೆ ಏನು ಬರೆದಿದೆ ಅಂತ.

ಇನ್ನು ಭಯ. ಜನರಿಗೆ ಹೆದರದ ಹಕ್ಕಿ ಸಾಕಿದ್ದು ಅನ್ನುವ ಮಾತನ್ನು ಕರ್ನಾಟಕದಲ್ಲಿ ಇದ್ದುಕೊಂಡು ನಂಬುವುದು ಕಷ್ಟ. ಮದ್ದೂರು ಹತ್ತಿರದ ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು ಮನೆಯ ಮಗ್ಗುಲಿನ ಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಜನ ಓಡಾಡುತ್ತಾರೆ, ಎತ್ತಿನ ಗಾಡಿ ಹೋಗುತ್ತದೆ. ಆ ಹಕ್ಕಿಗಳು ಯಾರೂ ಸಾಕಿದವಲ್ಲ. ಬೋನಾಳದ ಹೆಬ್ಬಾತು ಮಾತ್ರ ಚೆನ್ನಾಗಿಯೇ ಹೆದರುತ್ತಿತ್ತು. ಹತ್ತಿರ ಎಮ್ಮೆ ಬಂದರೆ ತಲೆ ಎತ್ತುತ್ತಿರಲಿಲ್ಲ. ಎಮ್ಮೆಯ ಹಿಂದೆ ಹುಡುಗ ಬಂದರೆ ನಿಧಾನಕ್ಕೆ ನೀರಿಗೆ ಇಳಿಯುತ್ತಿತ್ತು. ಮೇಲೆ ಒಂದು ಸೆಳೆವ (ಹ್ಯಾರಿಯರ್ ಅನ್ನುವ ಬೇಟೆಹಕ್ಕಿ) ತೇಲಿಕೊಂಡು ಬಂದಾಗ ಹಿಂಡಿನಲ್ಲಿ ಮೊದಲು ಕತ್ತು ನಿಗುರಿಸಿದ್ದು ಇದೇ. ಇದನ್ನು ನಾನು ಪುರಾವೆ ಅನ್ನುವುದಿಲ್ಲ. ಆದರೆ ಬರೆದಿಟ್ಟುಕೊಂಡೆ.

“ಇವು ಹಾರಂಗಿಲ್ಲ ತಮ್ಮಾ”

ಕೆರೆಯ ಕಾವಲಿನ ಕೆಲಸ ಮಾಡುವ ಒಬ್ಬ ಕಾಕಾ ಏರಿಯ ಮೇಲೆ ಸಿಕ್ಕರು. ಸ್ಕೋಪಿನಲ್ಲಿ ತೋರಿಸಿ, “ಕಾಕಾ, ಇದನ್ನ ಮೊದಲು ನೋಡೀರೇನ್ರಿ?” ಅಂತ ಕೇಳಿದೆ.

“ನೋಡೀನ್ರಿ. ಈ ವರ್ಷನೇ ಬಂದದ. ಇವುಗಳ ಜೋಡಿನೇ ಬಂತ್ರಿ ಅದು.”

“ಜೋಡಿ ಬಂದದ್ದು ಹೆಂಗ ಗೊತ್ತು?”

“ದೀಪಾವಳಿ ಆದ ಮ್ಯಾಲ ಒಂದಿನ ಮುಂಜಾನೆ ನೋಡ್ತೀನಿ, ಇವು ಬಂದು ಇಳಿದಾವ. ಅದು ಅವತ್ತೇ ನಡುವ ನಿಂತಿತ್ತು. ಅದಕ್ಕೂ ಮೊದಲ ಕೆರ್‍ಯಾಗ ಇರಲಿಲ್ರಿ. ಇದ್ದರ ನಮ್ಮ ಕಣ್ಣಿಗೆ ಬೀಳ್ತಿರಲಿಲ್ಲೇನು?”

ದಿನವೂ ಅದೇ ನೀರನ್ನು ನೋಡುವವರ ಮಾತು ಅದು. ಅವರಿಗೆ ಅದು ಅಪರೂಪದ ಹಕ್ಕಿ ಅಂತ ನಾನು ಹೇಳಿರಲಿಲ್ಲ. ಅವರಿಗೆ ಏನೂ ಲಾಭವೂ ಇರಲಿಲ್ಲ. ಇಂಥ ಮಾತನ್ನು ಯಾವ ಉಪಕರಣವೂ ಕೊಡುವುದಿಲ್ಲ.

ಆದರೆ ಅಷ್ಟಕ್ಕೇ ನಿಲ್ಲಿಸಬಾರದು. ಹತ್ತಿರದ ಹಳ್ಳಿಗಳಲ್ಲಿ ಹೆಬ್ಬಾತು ಸಾಕಿದವರು ಯಾರು ಅಂತ ಕೇಳುತ್ತಾ ಹೋದೆವು. ಚಹಾ ಅಂಗಡಿಯವರು ಒಂದು ತೋಟದ ಮನೆ ತೋರಿಸಿದರು. ಕಾಲುವೆಯ ಪಕ್ಕದ ಮನೆ, ಸುತ್ತ ಭತ್ತದ ಗದ್ದೆ. ಗೇಟಿನೊಳಗೆ ಕಾಲಿಡುವ ಮೊದಲೇ ಬಿಳಿ ಹೆಬ್ಬಾತುಗಳು ಕತ್ತು ನೆಲಕ್ಕೆ ಹಾಸಿ, ಬುಸುಗುಡುತ್ತಾ ಮೈಮೇಲೆ ಬಂದವು. ಒಳಗಿನಿಂದ ವಯಸ್ಸಾದ ಅವ್ವ ಒಬ್ಬರು ಬಂದು ಕೋಲು ಬೀಸಿ ಓಡಿಸಿದರು. “ಹಾವು ಚೇಳು ಬರಬಾರದಂತ ಸಾಕೀವಿ. ಕಳ್ಳರು ಬಂದರೂ ಊರೆಲ್ಲ ಎಬ್ಬಿಸ್ತಾವ” ಅಂದರು.

ನಾನು ಅವುಗಳನ್ನು ಹತ್ತಿರದಿಂದ ನೋಡುತ್ತಾ ನಿಂತೆ. ಹಣೆಯ ಮೇಲೆ, ಕೊಕ್ಕು ಶುರುವಾಗುವ ಜಾಗದಲ್ಲಿ ಕಿತ್ತಳೆ ಬಣ್ಣದ ಗಂಟು. ಒಂದಕ್ಕೆ ಮೈ ಕಂದು, ಕತ್ತಿನ ಹಿಂದೆ ತಲೆಯಿಂದ ಬೆನ್ನಿನವರೆಗೆ ಗಾಢ ಕಂದು ಪಟ್ಟಿ. ಚೀನಾದ ಹಂಸ ಹೆಬ್ಬಾತಿನಿಂದ ಬಂದ ತಳಿ ಇದು. ನಮ್ಮ ಊರುಗಳಲ್ಲಿ ನಾನು ಕಂಡ ಅಂಗಳದ ಹೆಬ್ಬಾತುಗಳೂ ಹೆಚ್ಚಾಗಿ ಇದೇ ಬಗೆಯವು. ಬೂದು ಹೆಬ್ಬಾತಿಗೂ ಇವಕ್ಕೂ ಮೂಲವೇ ಬೇರೆ. ಇಲ್ಲಿಂದ ಒಂದು ತಪ್ಪಿಸಿಕೊಂಡು ಕೆರೆಗೆ ಹೋಗಿದ್ದರೆ ಹಣೆಯ ಗಂಟೋ ಕತ್ತಿನ ಪಟ್ಟಿಯೋ ನಮಗೆ ಕಾಣಲೇಬೇಕಿತ್ತು.

“ಅವ್ವಾ, ಇವು ಯಾವಾಗರ ಹಾರಿ ಹೋಗ್ಯಾವೇನ್ರಿ?”

“ಇವು ಹಾರಂಗಿಲ್ಲ ತಮ್ಮಾ. ರೆಕ್ಕಿ ಬಡೀತಾವ, ಕಾಲುವಿ ತನಕ ಓಡ್ತಾವ, ಮುಗೀತು. ಕೆರಿ ತನಕ ಹೋಗೂದಂದ್ರ ಆಗೂ ಮಾತಲ್ಲ. ನಿಮ್ಮದು ಕಳದದೇನು?”

ಅವರ ಪಕ್ಕದ ಊರುಗಳ ಹೆಸರು ಹೇಳಿಸಿಕೊಂಡು ಅಲ್ಲಿಗೂ ಹೋದೆವು. ಸಿಕ್ಕಿದ್ದು ಇದೇ ಬಗೆಯ ಹೆಬ್ಬಾತುಗಳು, ಮತ್ತೆ ಬಿಳಿ ಬಾತುಕೋಳಿಗಳು. ಬೂದು ಬಣ್ಣದ, ಗಂಟಿಲ್ಲದ ಹೆಬ್ಬಾತು ಸಾಕಿದವರು ಯಾರೂ ಸಿಗಲಿಲ್ಲ. ಕಳೆದುಕೊಂಡವರೂ ಸಿಗಲಿಲ್ಲ.

ಸಂಜೆ ಮತ್ತೆ ಏರಿಗೆ ಬಂದೆವು. ಸೂರ್ಯ ಮುಳುಗುವ ಹೊತ್ತಿಗೆ ಹಿಂಡಿನಲ್ಲಿ ಗದ್ದಲ ಶುರುವಾಯಿತು. ಮೊದಲು ಒಂದು ಗುಂಪು ಎದ್ದಿತು. ಆಮೇಲೆ ಇನ್ನೊಂದು. ಬೂದು ಹೆಬ್ಬಾತು ಎರಡನೇ ಗುಂಪಿನ ಜೊತೆ ಎದ್ದಿತು. ಓಡಲಿಲ್ಲ, ತಡವರಿಸಲಿಲ್ಲ. ತಿರುಗಿದಾಗ ರೆಕ್ಕೆಯ ಮುಂಭಾಗ ಬೆಳ್ಳಗೆ, ಬೆಳ್ಳಿಯ ಹಾಗೆ ಹೊಳೆಯಿತು. ಬೂದು ಹೆಬ್ಬಾತಿನ ಖಚಿತ ಗುರುತು ಅದು. ಹಿಂಡು ಕೆರೆಯನ್ನು ಒಂದು ಸುತ್ತು ಹಾಕಿ ಗದ್ದೆಗಳ ಕಡೆ ಹೋಗುವವರೆಗೂ ಅದು ತನ್ನ ಸಾಲು ಬಿಡಲಿಲ್ಲ. ಭಾರದ ತಳಿಯ ಹೆಬ್ಬಾತಿಗೆ ಇಂಥ ಹಾರಾಟ ಆಗುವ ಮಾತಲ್ಲ. ಹಗುರ ತಳಿಯ ಒಂದೊಂದು ಹಕ್ಕಿ ಹಾರಬಲ್ಲದು. ಅದನ್ನೂ ಮರೆಯಬಾರದು.

ಒಂದೇ ಜಾತಿ, ಎರಡು ತೀರ್ಪು

2018ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಒಂದು ಮ್ಯಾಂಡರಿನ್ ಬಾತು ಕಂಡಿತು. ಜಗತ್ತೆಲ್ಲ ಸುದ್ದಿ. ಪೂರ್ವ ಏಷ್ಯಾದ ಹಕ್ಕಿ ಅದು. ಕಾಲಿನಲ್ಲಿ ಪಟ್ಟಿ ಇತ್ತು. ತಪ್ಪಿಸಿಕೊಂಡದ್ದು ಅಂತ ತೀರ್ಮಾನಿಸುವುದಕ್ಕೆ ಯಾರಿಗೂ ಕಷ್ಟ ಆಗಲಿಲ್ಲ. 2021ರ ಫೆಬ್ರವರಿಯಲ್ಲಿ ಅದೇ ಜಾತಿಯ ಬಾತು ಅಸ್ಸಾಮಿನ ತಿನ್‌ಸುಕಿಯಾ ಜಿಲ್ಲೆಯ ಮಾಗುರಿ ಬೀಲ್‌ನಲ್ಲಿ ಕಂಡಿತು. ಅದೇ ಪ್ರದೇಶದಲ್ಲಿ 1902ರಲ್ಲಿ ಒಮ್ಮೆ ದಾಖಲಾಗಿತ್ತು. ಋತು ಚಳಿಗಾಲ, ಜಾಗ ಈಶಾನ್ಯ ಭಾರತ, ಸುತ್ತಲೂ ವಲಸೆ ಬಾತುಗಳು. ಅದನ್ನು ಜನ ಸಂಭ್ರಮದಿಂದ ಬರಮಾಡಿಕೊಂಡರು. ಎರಡೂ ಹಕ್ಕಿಯ ಬಣ್ಣ ಒಂದೇ, ಸೊಬಗು ಒಂದೇ. ತೀರ್ಪು ಬದಲಾದದ್ದು ಜಾಗದಿಂದ, ಕಾಲದಿಂದ, ಜೊತೆಗಾರರಿಂದ.

ನಮ್ಮ ಪಟ್ಟೆತಲೆ ಹೆಬ್ಬಾತಿನ ಕಥೆ ಇನ್ನೂ ಸ್ಪಷ್ಟ. ಬೀದರಿನ ಕಾರಂಜಾ ಹಿನ್ನೀರಿನಲ್ಲಿ ಅದು ಕಂಡರೆ ಯಾರೂ ಅನುಮಾನಿಸುವುದಿಲ್ಲ. ಅದೇ ಹಕ್ಕಿ ಇಂಗ್ಲೆಂಡಿನ ಉದ್ಯಾನದ ಕೊಳದಲ್ಲಿ ಕಂಡರೆ ಅದು ತಪ್ಪಿಸಿಕೊಂಡ ಹಕ್ಕಿಗಳ ಪಟ್ಟಿಗೆ ಹೋಗುತ್ತದೆ. ಅಲ್ಲಿನವರು ತಮ್ಮ ದೇಶದ ಹಕ್ಕಿಗಳನ್ನು ಎ, ಬಿ, ಸಿ, ಡಿ, ಇ ಅಂತ ವಿಂಗಡಿಸಿದ್ದಾರೆ. ತಾನಾಗಿ ಬಂದದ್ದು ಮೇಲಿನ ಪಟ್ಟಿಗೆ, ತಪ್ಪಿಸಿಕೊಂಡದ್ದು ಇ ಪಟ್ಟಿಗೆ. ಮಧ್ಯೆ ಡಿ ಅಂತ ಒಂದು ಇದೆ. ಯಾವುದೆಂದು ನಿಶ್ಚಯಿಸಲಾಗದ ಹಕ್ಕಿಗಳಿಗೆ. ನನಗೆ ಆ ಡಿ ಪಟ್ಟಿ ತುಂಬಾ ಇಷ್ಟ. ಅನುಮಾನಕ್ಕೂ ಒಂದು ಜಾಗ ಇಟ್ಟಿದ್ದಾರೆ.

ಗರಿಯನ್ನೇ ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದೂ ಇದೆ. ಗರಿ ಬೆಳೆಯುವಾಗ ಆ ಜಾಗದ ನೀರಿನಲ್ಲಿರುವ ಹೈಡ್ರೋಜನ್ನಿನ ಗುರುತು ಅದರಲ್ಲಿ ಉಳಿದುಬಿಡುತ್ತದೆ. ಡೆನ್ಮಾರ್ಕಿನಲ್ಲಿ 2005ರಲ್ಲಿ ಬೇಟೆಗೆ ಸಿಕ್ಕ ಒಂದು ಬೈಕಲ್ ಬಾತಿನ ಗರಿಯನ್ನು ಹೀಗೆ ನೋಡಿದಾಗ, ಅದು ಸೈಬೀರಿಯಾದಲ್ಲೇ ಬೆಳೆದದ್ದು ಅನ್ನುವ ಕಡೆಗೆ ಫಲಿತಾಂಶ ವಾಲಿತು. ಬೋನಾಳದ ಹಕ್ಕಿಯ ಒಂದು ಗರಿ ಸಿಕ್ಕಿದ್ದರೆ ಅಂತ ನಾನೂ ದಡದಲ್ಲಿ ಹುಡುಕಿದೆ. ಅಷ್ಟು ಹೆಬ್ಬಾತುಗಳ ಉದುರಿದ ಗರಿಗಳ ನಡುವೆ ಅದರದ್ದು ಯಾವುದು ಅಂತ ಹೇಳುವುದು ಹೇಗೆ?

ಗಿಳಿಯ ವಿಷಯಕ್ಕೆ ಬಂದರೆ

ಹೆಬ್ಬಾತಿನ ಬಗ್ಗೆ ವಿಚಾರಿಸುವುದು ಸುಲಭ. ಸಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ, ಕೇಳಿದರೆ ಜನ ಖುಷಿಯಿಂದ ಹೇಳುತ್ತಾರೆ. ಗಿಳಿಯ ವಿಷಯ ಹಾಗಲ್ಲ. ಕಲಬುರಗಿಯ ಹಳೇ ಬಡಾವಣೆಯೊಂದರ ಬೇವಿನ ಮರದಲ್ಲಿ ಒಮ್ಮೆ ದೊಡ್ಡ ಗಿಳಿಯೊಂದು ಕಂಡಿತ್ತು. ರೆಕ್ಕೆಯ ಹೆಗಲಿನ ಮೇಲೆ ಕೆಂಪು ಮಚ್ಚೆ ಇರುವ, ನಮ್ಮ ಕಡೆ ಪಹಾಡಿ ಅನ್ನುವ ಗಿಳಿ. ಸುತ್ತಲಿನ ಮನೆಗಳಲ್ಲಿ ಕೇಳಿದೆ. ಒಬ್ಬರ ಮನೆಯ ಕಟ್ಟೆಯ ಮೇಲೆ ಖಾಲಿ ಪಂಜರ ಇತ್ತು. ಒಳಗೆ ಇನ್ನೂ ಒಣಗದ ಮೆಣಸಿನಕಾಯಿ. “ನಮ್ಮ ಹತ್ರ ಯಾವ ಹಕ್ಕಿನೂ ಇಲ್ರಿ” ಅಂತ ಬಾಗಿಲು ಹಾಕಿಕೊಂಡರು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ. ಆ ಕಾನೂನು ಬೇಕೇ ಬೇಕು. ಆದರೆ ಅದರಿಂದ ಒಂದು ಮಾತು ತಿಳಿದುಕೊಳ್ಳಬೇಕು. ಗಿಳಿ, ಮುನಿಯಾದಂಥ ಹಕ್ಕಿಗಳ ವಿಷಯದಲ್ಲಿ “ಯಾರೂ ಕಳೆದುಕೊಂಡಿಲ್ಲ” ಅನ್ನುವ ಉತ್ತರಕ್ಕೆ ತೂಕ ಇಲ್ಲ. ಹೆಬ್ಬಾತಿನ ವಿಷಯದಲ್ಲಿ ಅದೇ ಉತ್ತರಕ್ಕೆ ತೂಕ ಇದೆ.

ಇದು ಯಾಕೆ ಮುಖ್ಯ ಅಂದರೆ, ಬೀದರ್ ಇರಲಿ, ಕಲಬುರಗಿ ಇರಲಿ, ಹಕ್ಕಿ ಮಾರುವ ದೊಡ್ಡ ಪೇಟೆ ನಮಗೆ ಬೆಂಗಳೂರಲ್ಲ. ಹೈದರಾಬಾದ್. ಚಾರ್‌ಮಿನಾರ್ ಹತ್ತಿರದ ಮುರ್ಗಿ ಚೌಕ ಗೊತ್ತಿಲ್ಲದವರು ನಮ್ಮಲ್ಲಿ ಕಡಿಮೆ. ನಮ್ಮ ಜಿಲ್ಲೆಗಳಲ್ಲಿ ತಪ್ಪಿಸಿಕೊಂಡ ಹಕ್ಕಿ ಯಾವುದಿರಬಹುದು ಅಂತ ತಿಳಿಯಬೇಕಾದರೆ ಅಲ್ಲಿ ಏನು ಸಿಗುತ್ತದೆ, ನಮ್ಮ ಮನೆಗಳಲ್ಲಿ ಏನು ಸಾಕುತ್ತಾರೆ ಅಂತ ನೋಡಬೇಕು. ಬೇರೆ ಊರಿನ ಅಂದಾಜು ಇಲ್ಲಿ ನಡೆಯುವುದಿಲ್ಲ.

ನೋಡುವವರು ಕಡಿಮೆ ಇದ್ದ ನಾಡು

“ಈ ಜಿಲ್ಲೆಯಲ್ಲಿ ಇದರ ದಾಖಲೆಯೇ ಇಲ್ಲ, ಹಾಗಾಗಿ ಸಾಕಿದ್ದು” ಅನ್ನುವ ವಾದ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ದಾಖಲೆ ಇಲ್ಲ ಅಂದರೆ ಹಕ್ಕಿ ಬಂದಿಲ್ಲ ಅಂತಲೋ, ನೋಡುವವರು ಇರಲಿಲ್ಲ ಅಂತಲೋ? ಪಕ್ಷಿತಜ್ಞ ಸಲೀಂ ಅಲಿ 1931–32ರಲ್ಲಿ ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ಗುಲ್ಬರ್ಗಾ, ಬೀದರ್ ಜಿಲ್ಲೆಗಳು ಆಗ ಆ ಸಂಸ್ಥಾನದಲ್ಲಿದ್ದವು. ಯಾದಗಿರಿ ಆಗ ಗುಲ್ಬರ್ಗಾದ ಭಾಗವಾಗಿತ್ತು. ಆಮೇಲೆ ಕಾವೇರಿ ಸೀಮೆಯ ಕೆರೆಗಳನ್ನು, ಪಶ್ಚಿಮ ಘಟ್ಟದ ಕಾಡುಗಳನ್ನು ನೋಡಿದಷ್ಟು ಕಣ್ಣುಗಳು ನಮ್ಮ ಕರಿಮಣ್ಣಿನ ಬಯಲನ್ನು ನೋಡಲಿಲ್ಲ. ಈಗ ಬೀದರಿನ ಹುಲ್ಲುಗಾವಲಿಗೆ ಸೆಳೆವಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಆ ಸೆಳೆವಗಳು ಈಗ ಹೊಸದಾಗಿ ಬರಲು ಶುರು ಮಾಡಿದವೇನಲ್ಲ. ಕಣ್ಣುಗಳು ಈಗ ಬಂದಿವೆ.

ಹಾಗಂತ ಕಂಡಿದ್ದೆಲ್ಲ ಕಾಡಿನದು ಅಂತ ಬರೆದುಬಿಡುವುದೂ ಅಪಾಯ. ಅದರ ಹಾನಿ ಏನು ಅನ್ನುವುದಕ್ಕೆ ದೊಡ್ಡ ಉದಾಹರಣೆಗಳಿವೆ. ಇಂಗ್ಲೆಂಡಿನ ಹೇಸ್ಟಿಂಗ್ಸ್ ಸುತ್ತಮುತ್ತ 1892ರಿಂದ 1930ರ ನಡುವೆ ಸಿಕ್ಕವು ಅಂತ ಹೇಳಿದ ಅಪರೂಪದ ಹಕ್ಕಿಗಳನ್ನು 1962ರಲ್ಲಿ ಮತ್ತೆ ಪರಿಶೀಲಿಸಿದರು. ಸತ್ತ ಹಕ್ಕಿಗಳನ್ನು ಬೇರೆ ದೇಶದಿಂದ ತರಿಸಿ ಇಲ್ಲೇ ಸಿಕ್ಕವು ಅಂತ ತೋರಿಸಿರಬಹುದು ಅನ್ನುವ ಅನುಮಾನ. ಜಾತಿ, ಉಪಜಾತಿ ಸೇರಿ 29 ಹೆಸರುಗಳನ್ನು ದೇಶದ ಪಟ್ಟಿಯಿಂದಲೇ ತೆಗೆಯಬೇಕಾಯಿತು. ನಮ್ಮ ಫಾರೆಸ್ಟ್ ಔಲೆಟ್ ಅನ್ನುವ ಪುಟ್ಟ ಗೂಬೆಯ ಕಥೆ ಇನ್ನೂ ಹತ್ತಿರದ್ದು. ಬ್ರಿಟಿಷ್ ಸೇನಾಧಿಕಾರಿ, ಹಕ್ಕಿ ಸಂಗ್ರಹಕಾರ ರಿಚರ್ಡ್ ಮೈನರ್ಟ್ಸ್‌ಹಾಗನ್ ಅದು ತನಗೆ 1914ರಲ್ಲಿ ಗುಜರಾತಿನಲ್ಲಿ ಸಿಕ್ಕಿತು ಅಂತ ಬರೆದಿಟ್ಟಿದ್ದ. ಅದು ಸುಳ್ಳು, ಬೇರೆಯವರು ಸಂಗ್ರಹಿಸಿದ್ದ ಹಳೆಯ ಹಕ್ಕಿಯನ್ನು ಕದ್ದು ಹೊಸ ಚೀಟಿ ಅಂಟಿಸಿದ್ದ. ಅಮೆರಿಕದ ಪಕ್ಷಿತಜ್ಞೆ ಪಮೇಲಾ ರಾಸ್ಮುಸ್ಸೆನ್ ಮತ್ತು ಜೊತೆಗಾರರು ಆ ಚೀಟಿಯನ್ನು ಬದಿಗಿಟ್ಟು, ಹಳೆಯ ನಿಜವಾದ ದಾಖಲೆಗಳ ಜಾಡು ಹಿಡಿದು ಹೋದರು. 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ತಿರ ಗೂಬೆ ಸಿಕ್ಕಿತು. ಹಕ್ಕಿ ಎಲ್ಲಿ ಸಿಕ್ಕಿತು ಅನ್ನುವ ಒಂದೇ ಒಂದು ಸಾಲು ಸುಳ್ಳಾದರೆ, ಮುಂದೆ ಹುಡುಕುವವರೆಲ್ಲ ದಾರಿ ತಪ್ಪುತ್ತಾರೆ.

ಇನ್ನೊಂದು ಮಾತು. “ಸಾಕಿದ್ದು” ಅಂತ ಗೊತ್ತಾದ ಕೂಡಲೇ ಅದನ್ನು ಮರೆತುಬಿಡುತ್ತೇವೆ. ಅದೂ ಸರಿಯಲ್ಲ. 2021ರ ಜನವರಿ ಹೊತ್ತಿಗೆ ಹಿಮಾಚಲದ ಪೋಂಗ್ ಅಣೆಕಟ್ಟಿನಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿಗಳು ಸತ್ತವು. ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳು. ಅಂಗಳದ ಹೆಬ್ಬಾತು ವಲಸೆ ಹಿಂಡಿನ ಜೊತೆ ಒಂದೇ ನೀರಿನಲ್ಲಿ, ಒಂದೇ ಗದ್ದೆಯಲ್ಲಿ ಬೆರೆಯುತ್ತಿದ್ದರೆ ಅದು ಗೊತ್ತಿರಬೇಕಾದ ಸಂಗತಿ. ಆ ಅವ್ವನ ಹೆಬ್ಬಾತುಗಳ ಒಳಿತಿಗೂ, ಕೆರೆಯ ಹೆಬ್ಬಾತುಗಳ ಒಳಿತಿಗೂ. ಹಕ್ಕಿ ಕಂಡವರು ದಾಖಲಿಸುವ ಜಾಲತಾಣ ಇ-ಬರ್ಡ್‌ನಲ್ಲಿ ತಪ್ಪಿಸಿಕೊಂಡ ಹಕ್ಕಿಗಳಿಗೆ ಬೇರೆ ಗುರುತು ಹಾಕುತ್ತಾರೆ, ಪಟ್ಟಿಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಲೆಕ್ಕಕ್ಕೆ ಸೇರದು ಅಂತ ಎಷ್ಟೋ ಜನ ಬರೆಯುವುದನ್ನೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ನಾನು ಬರೆದದ್ದು

ಕೊನೆಗೆ ನಾನು ಕಾಡಿನದು ಅನ್ನುವ ಕಡೆಗೇ ಬಂದೆ. ಬರೀ ಮೈಕಟ್ಟು, ಗುಲಾಬಿ ಕೊಕ್ಕು ನೋಡಿ ಅಲ್ಲ. ವಲಸೆ ಹಿಂಡಿನ ಜೊತೆಗೇ ಬಂದಿತ್ತು, ಅದಕ್ಕೊಬ್ಬರು ಸಾಕ್ಷಿ ಇದ್ದರು. ಹತ್ತಿರದ ಅಂಗಳಗಳಲ್ಲಿ ಇರುವುದು ಬೇರೆ ಮೂಲದ ಹೆಬ್ಬಾತು. ಹಾರಾಟ ಹಿಂಡಿಗೆ ಸಮ ಇತ್ತು. ಫೆಬ್ರವರಿ ಕಳೆದು ಮಾರ್ಚ್ ಬಂದಾಗ ಕಾಕಾ ಗೆಳೆಯನಿಗೆ ಫೋನ್ ಮಾಡಿ, ಪಟ್ಟೆತಲೆಗಳು ಹೋದವು, ಅದೂ ಕಾಣುತ್ತಿಲ್ಲ ಅಂದರು. ಸಾಕಿದ್ದಾಗಿದ್ದರೆ ಬೇಸಿಗೆಯಲ್ಲೂ ಅಲ್ಲೇ ಉಳಿಯುವ ಸಂಭವ ಜಾಸ್ತಿ ಇತ್ತು. ಈ ಸುದ್ದಿ ಬರುವವರೆಗೆ ನಾನು ದಾಖಲೆಯಲ್ಲಿ “ಖಚಿತವಿಲ್ಲ” ಅಂತಲೇ ಇಟ್ಟಿದ್ದೆ. ಆಮೇಲೆ ತಿದ್ದಿದೆ. ಕೊಕ್ಕಿನ ಬುಡದ ಬಿಳಿ ಗೆರೆಯ ಫೋಟೊವನ್ನೂ ಅದಕ್ಕೇ ಸೇರಿಸಿದ್ದೇನೆ. ಮುಂದೆ ಯಾರಾದರೂ ಒಪ್ಪದಿದ್ದರೆ ಅವರ ಕೈಗೂ ಎಲ್ಲ ಸಿಗಬೇಕು.

ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದುಬಂದದ್ದು. ಈ ಸಲ ಕಾರಂಜಾ ಹಿನ್ನೀರು, ಬೆಣ್ಣೆತೊರಾ, ಅಮರ್ಜಾ, ಬೋನಾಳ, ಎಲ್ಲಿಗೆ ಹೋದರೂ ಪಟ್ಟೆತಲೆಗಳ ಮಧ್ಯೆ ಪಟ್ಟೆಯಿಲ್ಲದ ತಲೆ ಇದೆಯಾ ನೋಡಿ. ಕಂಡರೆ ಕೂತ ಫೋಟೊ ಒಂದು, ನಡೆಯುವಾಗ ಹೊಟ್ಟೆ ಮತ್ತು ಕಾಲು ಕಾಣುವ ಫೋಟೊ ಒಂದು, ರೆಕ್ಕೆ ಬಿಚ್ಚಿದ್ದು ಒಂದು ತೆಗೆಯಿರಿ. ಆಮೇಲೆ ಹತ್ತಿರದ ಹಳ್ಳಿಗೆ ಹೋಗಿ, ಚಹಾ ಕುಡಿಯುತ್ತಾ, ಹೆಬ್ಬಾತು ಸಾಕಿದವರು ಯಾರು ಅಂತ ಕೇಳಿ. ಮಾರ್ಚಿಗೆ ಇನ್ನೊಮ್ಮೆ ಹೋಗಿ ಬನ್ನಿ, ಅಥವಾ ಅಲ್ಲಿನ ಯಾರದಾದರೂ ಫೋನ್ ನಂಬರ್ ತೆಗೆದುಕೊಂಡು ಬನ್ನಿ.